ದಿನಕ್ಕೊಂದು ಮುಳುಗು

ಲಿಫ್ಟ್ ಮೆಕ್ಯಾನಿಕ್‌ನ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸವೆಯದೆ ಓಡಾಡುತ್ತಿದ್ದ ಮಾತು ಒಂದೇ: “ನಂಗೆ ಟೈಮ್ ಎಲ್ಲಿದೆ?” ಸಿಂಕಿನ ಕೆಳಗೆ ನೀರು ಸೋರುತ್ತಿದೆ ಎಂದು ಹೆಂಡತಿ ಹೇಳಿದರೂ ಅದೇ ಉತ್ತರ. ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಕೂತವನಿಗೆ ಡಾಕ್ಟರಿಗೆ ತೋರಿಸೋ ಎಂದು ತಾಯಿ ಗದರಿದರೂ ಅದೇ ಉತ್ತರ. ಹಾಗೆಂದು ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಮುಚ್ಚುವುದಿಲ್ಲ, ಪಕ್ಕದ ಕಟ್ಟಡದಲ್ಲಿ ತೆರೆಯುವುದಿಲ್ಲ, ಇನ್ನೊಂದರಲ್ಲಿ ಲಿಫ್ಟು ಮಹಡಿಗಿಂತ ಒಂದು ಗೇಣು ಕೆಳಗೇ ನಿಂತು ಮುದುಕರ ಮೊಣಕಾಲಿಗೆ ಪರೀಕ್ಷೆ ಒಡ್ಡುತ್ತದೆ. ಎಲ್ಲ ಕಡೆಯಿಂದಲೂ ಫೋನು. ಹೀಗಾಗಿ ಆ ಮಾತಿನಲ್ಲಿ ಎಲ್ಲಿಯವರೆಗೆ ನಿಜ, ಎಲ್ಲಿಂದ ನೆಪ ಎಂದು ಯಾರೂ ಅಳೆಯಲು ಹೋಗಿರಲಿಲ್ಲ. ಸುಳ್ಳಿಗೆ ನಿಜದ ಅಂಗಿ ತೊಡಿಸಿದರೆ ಅದು ಮದುವೆಮನೆಗೂ ಹೋಗಿ ಉಂಡು ಬರುತ್ತದೆ.

ನೆಪ ಇದ್ದದ್ದು ಒಂದೇ ವಿಷಯದಲ್ಲಿ. ಅವನಿಗೆ ನೀರು ಕಂಡರೆ ಭಯ.

ಹದಿನೈದು ಮಹಡಿಯ ಮೇಲೆ ಮೋಟಾರಿನ ಕೋಣೆಯಲ್ಲಿ ಬಗ್ಗಿ ಕೆಳಗಿನ ಕತ್ತಲೆಗೆ ಇಣುಕುವಾಗ ಅವನ ಎದೆ ಅಳುಕುತ್ತಿರಲಿಲ್ಲ. ಲಿಫ್ಟಿನ ತಳದ ಗುಂಡಿಗಿಳಿದು ಸ್ಪ್ರಿಂಗಿಗೆ ಗ್ರೀಸು ಹಚ್ಚುವಾಗ ಹಾಡು ಗುನುಗುತ್ತಿದ್ದ. ಆದರೆ ಅದೇ ಗುಂಡಿಯಲ್ಲಿ ಮಳೆನೀರು ಮೊಣಕಾಲುದ್ದ ನಿಂತಿದ್ದ ದಿನ, ಸೊಂಟನೋವು ಎಂದು ಮುಖ ಕಿವುಚಿ ಜೊತೆಗಾರನನ್ನು ಇಳಿಸಿದ್ದ. ಚಿಕ್ಕವನಿದ್ದಾಗ ಪಕ್ಕದ ಮನೆಯ ನೀರಿನ ತೊಟ್ಟಿಗೆ ಬಿದ್ದಿದ್ದನಂತೆ. ತಾಯಿ ಓಡಿ ಬಂದು ಜುಟ್ಟು ಹಿಡಿದು ಮೇಲೆಳೆದಿದ್ದಳು. “ಅವತ್ತು ಎಳೆದಿದ್ದಕ್ಕೇ ಇಷ್ಟು ಬೇಗ ಬೋಳಾದ” ಎಂದು ಆಕೆ ಈಗಲೂ ನಗುತ್ತಾಳೆ. ಆ ನಗುವಿನಲ್ಲಿ ಅವನು ಮಾತ್ರ ಸೇರುವುದಿಲ್ಲ.

ಅವನ ಮಗಳು ಶಾಲೆಯ ಈಜಿನ ತರಗತಿಗೆ ಸೇರಿ ತಿಂಗಳುಗಳೇ ಕಳೆದಿದ್ದವು. ಬೇರೆ ಮಕ್ಕಳು ಕಪ್ಪೆಗಳ ಹಾಗೆ ಧುಮುಕಿ ಏಳುತ್ತಿದ್ದರೆ ಇವಳು ದಂಡೆಯ ಮೇಲೆ ಕೂತು ಪಾದ ಮಾತ್ರ ಇಳಿಬಿಟ್ಟುಕೊಂಡು, ಟೋಪಿ ಸರಿಮಾಡಿಕೊಳ್ಳುತ್ತ, ಈಜುಗನ್ನಡಕ ಒರೆಸಿಕೊಳ್ಳುತ್ತ ಪೀರಿಯಡ್ಡು ಕಳೆಯುತ್ತಿದ್ದಳು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಟೀಚರು, ಮಕ್ಕಳೆಲ್ಲ ಕರೆಯುವಂತೆ ಸೀಟಿ ಮಿಸ್ಸು, ಒಂದು ಸಂಜೆ ಮೆಕ್ಯಾನಿಕ್‌ನನ್ನು ಗೇಟಿನ ಬಳಿ ನಿಲ್ಲಿಸಿಕೊಂಡರು.

“ಬೈಯೋಕೆ ಕರೆದಿದ್ದಲ್ಲ. ಒಂದು ಕೇಳ್ಬೇಕಿತ್ತು. ಇಳಿಯಮ್ಮ ಅಂದ್ರೆ ನಿಮ್ಮ ಮಗಳು ಏನಂತಾಳೆ ಗೊತ್ತಾ? ‘ಇವತ್ತು ಟೈಮ್ ಇಲ್ಲ ಮಿಸ್’ ಅಂತಾಳೆ. ಎರಡನೇ ಕ್ಲಾಸಿನ ಮಗು! ಎಲ್ಲಿ ಕಲಿತಳೋ.”

ಎಲ್ಲಿ ಕಲಿತಳು ಎಂದು ಅವನಿಗೆ ಗೊತ್ತಿತ್ತು. ಬಿಸಿ ಕೊಳವೆ ಮುಟ್ಟಿದ ಹಾಗಾಯಿತು. ಮನೆಗೆ ಬರುವ ದಾರಿಯಲ್ಲಿ ಮಗಳು ಅವನ ಕಿರುಬೆರಳು ಹಿಡಿದುಕೊಂಡು ವಿಷಯ ತಾನೇ ತೆಗೆದಳು.

“ಅಪ್ಪಾ, ಕೊನೇ ಕ್ಲಾಸಿನ ದಿನ ಅಪ್ಪ ಅಮ್ಮನೂ ನೀರಿಗಿಳೀಬಹುದಂತೆ. ಅವತ್ತೂ ತಲೆ ಮುಳುಗಿಸದೇ ಇದ್ದೋರನ್ನ ಬಾತುಕೋಳಿ ತೊಟ್ಟಿಗೆ ಹಾಕ್ತಾರಂತೆ. ಅಲ್ಲಿ ಎಲ್ಲಾ ಪಾಪುಗಳು. ನೀನು ತಲೆ ಮುಳುಗಿಸಿದ್ರೆ ನಾನೂ ಮುಳುಗಿಸ್ತೀನಿ.”

“ಅಮ್ಮನ್ನ ಕರ್ಕೊಂಡು ಹೋಗು ಪುಟ್ಟಿ.”

“ಅಮ್ಮಂಗೆ ಈಜು ಬರುತ್ತೆ. ಬರೋರು ಇಳಿದ್ರೆ ಅದರಲ್ಲೇನಿದೆ? ನೀನೇ ಆಗಬೇಕು.”

“ನಂಗೆ ಟೈಮ್ ಎಲ್ಲಿದೆ?”

ಮಗಳು ಕಿರುಬೆರಳು ಬಿಟ್ಟು ಅವನ ಮುಖ ನೋಡಿದಳು. “ಟೈಮ್ ಇಲ್ವಾ? ಇಲ್ಲಾ ಭಯಾನಾ?”

“ಟೈಮೇ” ಎಂದ ಮೆಕ್ಯಾನಿಕ್. ಹೆಜ್ಜೆ ಮಾತ್ರ ಚುರುಕುಮಾಡಿದ.

ಆ ಸಂಜೆಯ ಊಟದ ಮೇಜಿನಲ್ಲಿ ಈ ಮಾತು ಬಿದ್ದದ್ದೇ ತಡ, ಅವನ ಭಾವಮೈದ ಹದ್ದಿನ ಹಾಗೆ ಎರಗಿದ. ಹೆಂಡತಿಯ ತಮ್ಮನಾದ ಈ ಮಹಾಶಯನಿಗೆ ಮನೆಯಲ್ಲಿ ಚಿಟಿಕೆ ಎಂದೇ ಹೆಸರು. ವಾರಾಂತ್ಯದಲ್ಲಿ ಬಾಡಿಗೆ ಹಾಲಿನಲ್ಲಿ ಜನರನ್ನು ಕೂರಿಸಿಕೊಂಡು, ದಿನಕ್ಕೊಂದು ಚಿಟಿಕೆ ಅಭ್ಯಾಸದಿಂದ ಬದುಕನ್ನು ಬದಲಾಯಿಸುವುದು ಹೇಗೆ ಎಂದು ಉಪದೇಶ ಮಾಡುವುದು ಅವನ ವೃತ್ತಿ. ಮಿಕ್ಕ ದಿನ ಅಕ್ಕನ ಮನೆಯ ಸೋಫಾದಲ್ಲಿ ಅದೇ ಉಪದೇಶವನ್ನು ಪುಕ್ಕಟೆ ಹಂಚುತ್ತಿದ್ದ. ಅಭ್ಯಾಸಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎದ್ದ ಕೂಡಲೇ ಒಂದು ದಂಡ ಹೊಡೆಯುತ್ತಿದ್ದ. ಒಂದೇ ಒಂದು. ಶುರುಮಾಡಿದಾಗಲೂ ಒಂದೇ, ವರ್ಷಗಳಾದ ಮೇಲೂ ಒಂದೇ. ಒಂದು ದಪ್ಪ ಕಾದಂಬರಿಯನ್ನು ದಿನಕ್ಕೊಂದು ಪುಟದಂತೆ ಓದುತ್ತಿದ್ದ. ಹಿಂದಿನ ದಿನದ ಪುಟ ಮರೆತಿರುತ್ತಿದ್ದುದರಿಂದ ಪ್ರತಿದಿನವೂ “ಈ ಹುಡುಗಿ ಯಾರು ಮಧ್ಯೆ ಬಂದ್ಲು?” ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಗಿಟಾರಿಗೆ ದಿನವೂ ತಂತಿ ಬಿಗಿಮಾಡುವ ಅಭ್ಯಾಸವಿತ್ತು. ಬಾರಿಸುವ ಅಭ್ಯಾಸ ಮುಂದಿನ ಹಂತದ್ದು.

“ಭಾವಾ, ಟೈಮ್ ಅನ್ನೋದು ಸಿಗಲ್ಲ, ಹಿಂಡ್ಕೋಬೇಕು” ಎಂದ ಚಿಟಿಕೆ, ಅಕ್ಕನ ತಟ್ಟೆಯಿಂದ ಹಪ್ಪಳದ ಒಂದು ತುಂಡು ಎಗರಿಸುತ್ತ. “ಹಳೇ ಎತ್ತಿನ ಪಕ್ಕ ಹೊಸ ಹೋರಿ ಹೂಡಿದ ಹಾಗೆ, ಹಳೇ ಅಭ್ಯಾಸದ ಪಕ್ಕ ಹೊಸದನ್ನ ಹೂಡಬೇಕು. ನೀವು ದಿನಾ ಸ್ನಾನ ಮಾಡ್ತೀರಿ ತಾನೆ?”

“ಮಾಡ್ತಾನೆ, ಮಾಡ್ತಾನೆ” ಎಂದಳು ಅಜ್ಜಿ, ಅಂದರೆ ಮೆಕ್ಯಾನಿಕ್‌ನ ತಾಯಿ. “ಇಬ್ಬರು ಮಾಡುವಷ್ಟು ಹೊತ್ತು ಮಾಡ್ತಾನೆ.”

“ಸರಿ. ಸ್ನಾನಕ್ಕೆ ಮುಂಚೆ ಬಕೆಟ್ಟಲ್ಲಿ ಮುಖ ಮುಳುಗಿಸೋದು. ದಿನಕ್ಕೊಂದು ಮುಳುಗು, ಅಷ್ಟೇ. ಆದ್ರೆ ಸೋಲೋಕೆ ಸಾಧ್ಯವೇ ಇಲ್ಲದಷ್ಟು ಚಿಕ್ಕದಾಗಿ ಶುರುಮಾಡ್ಬೇಕು. ಮೊದಲನೇ ದಿನ ಬಕೆಟ್ಟನ್ನ ಬರೀ ನೋಡಿ.”

“ಬಕೆಟ್ ನೋಡೋಕೂ ಗುರು ಬೇಕಾ?” ಎಂದಳು ಹೆಂಡತಿ.

“ನೋಡೋದ್ರಲ್ಲೂ ನೋಡೋದಿದೆ ಅಕ್ಕ.”

ಮೆಕ್ಯಾನಿಕ್ ಮಗಳ ಕಡೆ ನೋಡಿದ. ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತ, ಅಪ್ಪ ಏನು ಹೇಳುತ್ತಾನೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

“ಆಯ್ತು” ಎಂದ.

ಮರುದಿನ ಬೆಳಿಗ್ಗೆ ಬಚ್ಚಲಿನ ಚಿಲಕ ಹಾಕಿಕೊಂಡು ಅವನು ಬಕೆಟ್ಟನ್ನು ನೋಡಿದ. ಬಕೆಟ್ಟೂ ಅವನನ್ನು ನೋಡಿತು. ನೀಲಿ ಬಕೆಟ್ಟು, ಹಿಡಿಕೆ ಒಂದು ಕಡೆ ಕಿತ್ತು ತಂತಿ ಕಟ್ಟಿದ್ದು, ಒಳಗೆ ತುಳುಕಾಡುತ್ತಿರುವ ನೀರು, ನೀರಿನಲ್ಲಿ ಬೆದರಿದ ಬೋಳುತಲೆ. ಗೆದ್ದೆ ಎಂದುಕೊಂಡು ಹೊರಬಂದ. ಮರುದಿನ ಗದ್ದ ತಾಗಿಸಬೇಕಿತ್ತು. ಅಲ್ಲಿಂದ ಶುರುವಾಯಿತು ಪಜೀತಿ.

ಆ ಮನೆಯಲ್ಲಿ ಬಚ್ಚಲು ಒಂದೇ. ಅದಕ್ಕೆ ಬೆಳಿಗ್ಗೆ ರೇಷನ್ ಅಂಗಡಿಯಷ್ಟು ಸಾಲು. ಹೆಂಡತಿ ಔಷಧಿ ಅಂಗಡಿಯ ಕೌಂಟರಿಗೆ ಹೋಗಬೇಕು, ಮಗಳು ಶಾಲೆಗೆ, ಚಿಟಿಕೆ ಎಲ್ಲಿಗೂ ಹೋಗಬೇಕಿಲ್ಲದಿದ್ದರೂ ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಹೊಗಳಿಕೊಳ್ಳುವ ಅಭ್ಯಾಸವನ್ನು ಮುಗಿಸಬೇಕು. ಎಲ್ಲರಿಗಿಂತ ಮುಂದೆ ಊರುಗೋಲು ಹಿಡಿದು ಅಜ್ಜಿ. ಮೆಕ್ಯಾನಿಕ್ ಒಳಗೆ ಮಂಡಿಯೂರಿ, ಬಕೆಟ್ಟಿನ ಅಂಚು ಎರಡೂ ಕೈಯಲ್ಲಿ ಹಿಡಿದು, ಮುಖ ಬಗ್ಗಿಸುತ್ತಾನೆ, ಎತ್ತುತ್ತಾನೆ. ಬಗ್ಗಿಸುತ್ತಾನೆ, ಎತ್ತುತ್ತಾನೆ. ಹೊರಗೆ ಸಾಲು ಬೆಳೆಯುತ್ತದೆ.

“ರೀ, ಬಕೆಟ್ ಜೊತೆ ಸಂಸಾರ ಹೂಡಿದ್ರಾ?” ಇದು ಹೆಂಡತಿ.

“ಭಾವಾ, ಅವಸರ ಬೇಡ! ಆದ್ರೆ ಬೇಗ ಬನ್ನಿ!” ಇದು ಚಿಟಿಕೆ.

ಆಮೇಲೆ ಊರುಗೋಲು. ಟಕ್ ಟಕ್ ಟಕ್. “ಏನೋ, ಒಳಗೇ ಮನೆ ಮಾಡ್ಕೊಂಡ್ಯಾ? ಇನ್ನೂ ಎಷ್ಟು ಹೊತ್ತೋ?”

ಒಂದು ಬೆಳಿಗ್ಗೆ ಆ ಟಕ್ ಟಕ್ ಶುರುವಾದಾಗ, ಸಾಕಪ್ಪ ಸಾಕು ಎಂದು ಅವನ ಮುಖ ತಾನಾಗಿಯೇ ನೀರೊಳಗೆ ಹೋಗಿಬಿಟ್ಟಿತು. ಒಳಗೆ ಎಂಥ ನೆಮ್ಮದಿ! ಹೆಂಡತಿಯ ಮಾತಿಲ್ಲ, ಭಾವಮೈದನ ಉಪದೇಶವಿಲ್ಲ, ಗೊಳಗೊಳ ಎಂಬ ಸದ್ದು ಒಂದೇ. ಉಸಿರು ಮುಗಿದ ಮೇಲೆ ಎದ್ದು, ಮೂಗಿನಿಂದ ನೀರು ಸುರಿಸಿಕೊಂಡು, ಬೋಳುತಲೆ ಮಿಂಚಿಸುತ್ತ ಹೊರಬಂದ ಅವನನ್ನು ಮಗಳು ಹುಬ್ಬೇರಿಸಿ ನೋಡಿದಳು.

“ಮುಳುಗಿಸ್ದಾ?”

“ಮುಳುಗಿಸ್ದೆ.”

“ನಾನು ನೋಡ್ಲಿಲ್ವಲ್ಲ.”

ಅಂದಿನಿಂದ ಅದೇ ಕ್ರಮವಾಯಿತು. ಚಿಲಕ, ಮಂಡಿ, ಬಕೆಟ್ಟು, ಟಕ್ ಟಕ್, ಮುಳುಗು. ನಡುವೆ ಒಂದು ಬೆಳಿಗ್ಗೆ ಮಾತ್ರ ಎಡವಟ್ಟಾಯಿತು. ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೆಂಡತಿ ಮುಂಚೆಯೇ ಹೋಗಿದ್ದಳು, ಮಗಳು ಶಾಲೆಗೆ, ಚಿಟಿಕೆ ನಿದ್ದೆಯಲ್ಲಿ. ಮನೆ ನಿಶ್ಶಬ್ದ. ಬೇಕಾದಷ್ಟು ಟೈಮು. ಮೆಕ್ಯಾನಿಕ್ ಮಂಡಿ ಮರಗಟ್ಟುವವರೆಗೆ ಕೂತ. ಮುಖ ಇಳಿಯಲೇ ಇಲ್ಲ. ನೀರು ತಣ್ಣಗಿತ್ತು, ಅದಕ್ಕೇ ಎಂದು ತನಗೆ ತಾನೇ ಹೇಳಿಕೊಂಡು ಎದ್ದ.

ಇತ್ತ ಶಿಷ್ಯನ ಪ್ರಗತಿ ಕಂಡು ಚಿಟಿಕೆ ಎರಡನೇ ಹೋರಿಯನ್ನೂ ಹೂಡಿದ. “ದಿನವೆಲ್ಲ ಲಿಫ್ಟಲ್ಲೇ ಇರ್ತೀರಲ್ಲ ಭಾವ, ಕೆಳಗಿಂದ ಮೇಲಿನ ತನಕ ಉಸಿರು ಹಿಡಿದಿಟ್ಕೊಳ್ಳಿ. ಟೈಮೂ ಬೇಕಿಲ್ಲ, ನೀರೂ ಬೇಕಿಲ್ಲ.”

ಸಲಹೆ ಚೆನ್ನಾಗಿಯೇ ಇತ್ತು, ಲಿಫ್ಟಿನಲ್ಲಿ ಬೇರೆಯವರು ಇಲ್ಲದಿದ್ದರೆ. ಒಂದು ಎತ್ತರದ ಕಟ್ಟಡದ ತುತ್ತತುದಿಯ ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ಸು ಒಬ್ಬರಿದ್ದರು. ಕಾವಲುಗಾರನಿಂದ ಹಿಡಿದು ಕಟ್ಟಡ ಸಂಘದ ಅಧ್ಯಕ್ಷರವರೆಗೆ ಎಲ್ಲರೂ ಅವರ ಮುಂದೆ ಕೈಕಟ್ಟಿ ನಿಲ್ಲುವವರೇ. ಅವರು ತರಕಾರಿ ಚೀಲ ಹಿಡಿದು ಲಿಫ್ಟು ಹತ್ತಿದಾಗ ಮೂಲೆಯಲ್ಲಿ ಮೆಕ್ಯಾನಿಕ್ ನಿಂತಿದ್ದ. ಬಾಗಿಲು ಮುಚ್ಚಿತು. ಅವನು ಕೆನ್ನೆ ಉಬ್ಬಿಸಿ, ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮೇಲೆ ನೆಟ್ಟ. ಮಹಡಿಗಳು ಏರಿದಂತೆ ಮುಖ ಕೆಂಪಾಯಿತು. ಇನ್ನೂ ಏರಿದಂತೆ ನೇರಳೆಯಾಯಿತು.

“ಏನಾಯ್ತಪ್ಪ?” ಎಂದರು ಹೆಡ್‌ಮಿಸ್ಸು.

ಉತ್ತರಿಸಿದರೆ ಉಸಿರು ಹೋಗುತ್ತದೆ. ಅವನು ಏನಿಲ್ಲ, ಏನಿಲ್ಲ ಎಂದು ಕೈಯಾಡಿಸಿದ. ಹೆಡ್‌ಮಿಸ್ಸಿಗೆ ಅದು ಎಲ್ಲ ಮುಗಿಯಿತು, ಎಲ್ಲ ಮುಗಿಯಿತು ಎಂದು ಹೇಳಿದ ಹಾಗೆ ಕಂಡಿತು. ಅಪಾಯದ ಗಂಟೆಯ ಗುಂಡಿಯನ್ನು ಅಂಗೈಯಿಂದ ಗುದ್ದಿದರು. ಕಟ್ಟಡವೆಲ್ಲ ಮೆಟ್ಟಿಲಿಗೆ ಬಂತು.

“ರಿಪೇರಿ ಮಾಡೋನೇ ಉಸಿರು ಬಿಗಿಹಿಡಿದು ನಿಂತಿದ್ದ ಅಂದ್ಮೇಲೆ” ಎಂದು ಅವರು ಕಟ್ಟಡ ಸಂಘದ ಸಭೆಯಲ್ಲಿ ಬೆರಳೆತ್ತಿ ಕೇಳಿದರು, “ಹಗ್ಗದ ಗತಿ ಏನಾಗಿದೆ ಅಂತ ಅವನಿಗೆ ಗೊತ್ತಿತ್ತೋ ಇಲ್ವೋ?”

ಕೇಳಿದವರೆಲ್ಲ ವಾರಗಟ್ಟಲೆ ಮೆಟ್ಟಿಲು ಹತ್ತಿದರು. ಕೆಲವರು ಸಣ್ಣಗಾದರು. ಅದನ್ನು ತನ್ನ ಸಿದ್ಧಾಂತದ ಫಲವೆಂದು ಚಿಟಿಕೆ ತನ್ನ ಉಪದೇಶದಲ್ಲಿ ಸೇರಿಸಿಕೊಂಡ. ಕಂಪನಿಯ ಮ್ಯಾನೇಜರ್ ಮಾತ್ರ ಮೆಕ್ಯಾನಿಕ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, “ಇನ್ಮೇಲೆ ಲಿಫ್ಟಿನೊಳಗೆ ಎಲ್ಲರೂ ಗಿರಾಕಿಗಳಿಗೆ ಕಾಣೋ ಹಾಗೆ ಉಸಿರಾಡಬೇಕು” ಎಂದು ಆಜ್ಞೆ ಹೊರಡಿಸಿದರು. ಜೊತೆಗಾರರು ಆಜ್ಞೆಯನ್ನು ಶಿರಸಾ ವಹಿಸಿ ಕಮ್ಮಾರನ ತಿದಿಯ ಹಾಗೆ ಭುಸುಗುಟ್ಟತೊಡಗಿದರು. ಜನ ಅದಕ್ಕೂ ಹೆದರಿದರು.

ಕೊನೆಯ ತರಗತಿಯ ದಿನ ಬಂದೇಬಿಟ್ಟಿತು. ಮೆಕ್ಯಾನಿಕ್‌ಗೆ ಅಂಥ ಭಯವೇನೂ ಇರಲಿಲ್ಲ. ದಿನಕ್ಕೊಂದು ಮುಳುಗು ತಪ್ಪಿಸಿದವನಲ್ಲ, ಆ ಒಂದು ದಿನ ಬಿಟ್ಟರೆ. ಹೊಸ ಚಡ್ಡಿ, ತಲೆಗೆ ರಬ್ಬರಿನ ಟೋಪಿ ಹಾಕಿಕೊಂಡು, ಹೊಟ್ಟೆ ಒಳಗೆಳೆದು ಶಾಲೆಯ ಈಜುಕೊಳದ ಬಳಿಗೆ ಬಂದ. ಹಿಂದೆ ಮನೆಯ ದಂಡೇ ಬಂದಿತ್ತು. ಫೋನು ಎತ್ತಿ ಹಿಡಿದ ಚಿಟಿಕೆ, ಟವೆಲು ಹಿಡಿದ ಹೆಂಡತಿ, ಗೋಡೆಯ ಬದಿಯ ಬೆಂಚಿನಲ್ಲಿ ಅಜ್ಜಿ. ಮಗಳು ದಂಡೆಯಲ್ಲಿ ತನ್ನ ಮಾಮೂಲು ಜಾಗದಲ್ಲಿ, ಪಾದ ಮಾತ್ರ ನೀರೊಳಗೆ.

ಮೆಟ್ಟಿಲ ಕಂಬಿ ಹಿಡಿದು ಅವನು ಎದೆಮಟ್ಟದ ನೀರಿನವರೆಗೆ ಇಳಿದ. ಅಲ್ಲಿಗೆ ನಿಂತ.

ಬಕೆಟ್ಟಿಗೆ ಅಂಚಿತ್ತು. ಇದಕ್ಕೆ ಅಂಚು ಎಲ್ಲಿದೆ? ನೀರು ಆ ತುದಿಯವರೆಗೂ ಹಸಿರು ಗಾಜಿನ ಹಾಗೆ ಮಲಗಿತ್ತು. ಅವನು ಮುಖ ಬಗ್ಗಿಸಿದ. ಎತ್ತಿದ. ಬಗ್ಗಿಸಿದ. ಎತ್ತಿದ.

“ಭಾವಾ, ಚಿಕ್ಕದಾಗಿ ಶುರುಮಾಡಿ!” ಎಂದು ಕೂಗಿದ ಚಿಟಿಕೆ. “ಮೊದಲು ಕೊಳವನ್ನ ಬರೀ ನೋಡಿ!”

“ನೋಡ್ತಾನೇ ಇದೀನಿ ಕಣಯ್ಯಾ!”

ಸೀಟಿ ಮಿಸ್ಸು ಸೀಟಿ ಊದಿದರು. ಮಕ್ಕಳೆಲ್ಲ ಮುಳುಗಿದರು, ಅವನು ಬೆಚ್ಚಿದ. ಹೆಂಡತಿ ಅಂಚಿಗೆ ಬಂದು ಕೂತು, ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದ ದನಿಯಲ್ಲಿ “ರೀ, ನಿಧಾನಕ್ಕೆ. ಅವಸರ ಏನಿಲ್ಲ. ಬೇಕಾದಷ್ಟು ಟೈಮಿದೆ” ಎಂದಳು. ಅದು ಎಲ್ಲಕ್ಕಿಂತ ಕೆಟ್ಟ ಸಲಹೆಯಾಗಿತ್ತು. ಬೇಕಾದಷ್ಟು ಟೈಮಿದೆ ಎಂದ ಕೂಡಲೇ ಅವನ ಕುತ್ತಿಗೆ ತುಕ್ಕು ಹಿಡಿದ ಬೋಲ್ಟಿನ ಹಾಗೆ ಬಿಗಿದುಕೊಂಡಿತು. ಆ ಖಾಲಿ ಮನೆಯ ಬೆಳಿಗ್ಗೆ ನೆನಪಾಯಿತು. ನೀರು ತಣ್ಣಗಿದ್ದದ್ದಕ್ಕಲ್ಲ ಎಂದು ಈಗ ಹೊಳೆಯಿತು. ಹೊಳೆದು ಏನು ಪ್ರಯೋಜನ?

ಮಗಳು ಒಂದು ಪಾದವನ್ನು ನೀರಿನಿಂದ ಮೇಲೆ ತೆಗೆದುಕೊಂಡಳು. ಅವನು ನೋಡಿದ. ಆಮೇಲೆ ಇನ್ನೊಂದನ್ನೂ ತೆಗೆದುಕೊಂಡು, ಮೊಣಕಾಲು ತಬ್ಬಿ ಕೂತಳು. ಅಪ್ಪನ ಮುಖ ನೋಡುವುದನ್ನೂ ಬಿಟ್ಟು, ಪಕ್ಕದಲ್ಲಿದ್ದ ಬಾತುಕೋಳಿ ತೊಟ್ಟಿಯ ಕಡೆಗೆ ತಿರುಗಿದಳು.

ಬೆಂಚಿನ ಮೇಲಿದ್ದ ಅಜ್ಜಿ ಎದ್ದಳು. ಹೊಸ ಕನ್ನಡಕದಲ್ಲಿ ಮಗನನ್ನು ಒಂದು ಗಳಿಗೆ ದಿಟ್ಟಿಸಿದಳು. ನಿಧಾನಕ್ಕೆ ನಡೆದು ಬಂದು, ಮೆಟ್ಟಿಲ ಉಕ್ಕಿನ ಕಂಬಿಗೆ ಊರುಗೋಲಿನಿಂದ ಬಾರಿಸಿದಳು. ಟಕ್ ಟಕ್ ಟಕ್.

“ಏನೋ, ಒಳಗೇ ಮನೆ ಮಾಡ್ಕೊಂಡ್ಯಾ? ಇನ್ನೂ ಎಷ್ಟು ಹೊತ್ತೋ? ಹೊರಗೆ ಜನ ಕಾಯ್ತಿದಾರೆ!”

ಮೆಕ್ಯಾನಿಕ್‌ನ ಮುಖ ನೀರೊಳಗಿತ್ತು.

ಅವನು ಮುಳುಗಿಸಿದ ಎನ್ನುವಂತಿಲ್ಲ, ಅದು ತಾನೇ ಹೋಯಿತು. ಮುಖದ ಹಿಂದೆ ಕಿವಿ, ಕಿವಿಯ ಹಿಂದೆ ರಬ್ಬರ್ ಟೋಪಿ. ಒಳಗೆ ಅದೇ ಗೊಳಗೊಳ, ಅದೇ ನೆಮ್ಮದಿ. ಬಕೆಟ್ಟಿನ ತಳವೊಂದು ಮಾತ್ರ ಇರಲಿಲ್ಲ. ಉಸಿರು ಪೂರ್ತಿ ಮುಗಿದ ಮೇಲೆ ಭುಸ್ಸೆಂದು ಎದ್ದ. ಕೊಳದ ಸುತ್ತ ಚಪ್ಪಾಳೆ. ಚಿಟಿಕೆ “ನೋಡಿದ್ರಾ! ಅಭ್ಯಾಸದ ಮಹಿಮೆ!” ಎಂದು ಕುಣಿಯುವ ಭರದಲ್ಲಿ ಫೋನನ್ನು ನೀರಿಗೆ ಬೀಳಿಸಿದ. ಅದು ಮುಳುಗಿಯೇ ಹೋಯಿತು.

ಮೆಕ್ಯಾನಿಕ್ ನೀರನ್ನು ಸೀಳಿಕೊಂಡು ಮಗಳ ಹತ್ತಿರ ಬಂದ. ಮೂಗು ಸೋರುತ್ತಿತ್ತು, ಕಣ್ಣು ಕೆಂಪಗಿತ್ತು.

“ಪುಟ್ಟಿ, ಟೈಮ್ ಅಲ್ಲ ಕಣೆ” ಎಂದ. “ಭಯವೇ. ಈಗಲೂ ಇದೆ. ಕೈ ನೋಡು ಹ್ಯಾಗೆ ನಡುಗ್ತಿದೆ.”

ಮಗಳು ಅವನ ಕೈ ಹಿಡಿದು ನೋಡಿದಳು. ನಿಜವಾಗಿಯೂ ನಡುಗುತ್ತಿತ್ತು. ಅವಳ ಮುಖದಲ್ಲಿ ದೊಡ್ಡದೊಂದು ಗಂಟು ಸಡಿಲವಾದ ಹಾಗಾಯಿತು.

“ನಂಗೂ ಭಯ” ಎಂದಳು ಮೆಲ್ಲಗೆ. “ಟೈಮ್ ಇತ್ತು.”

“ಗೊತ್ತು.”

ಆ ಕೈಯನ್ನೇ ಹಿಡಿದುಕೊಂಡು ಅವಳು ಮೆಟ್ಟಿಲಿಳಿದಳು. ನೀರು ಗದ್ದದವರೆಗೆ ಬಂದಾಗ ನಿಂತು, ಹಲ್ಲು ಕಟಕಟಿಸುತ್ತ ತಿರುಗಿ ಕೂಗಿದಳು: “ಅಜ್ಜೀ, ನಂಗೂ ಬಡಿ!”

ಅಜ್ಜಿ ಬಾರಿಸಿದಳು. “ಏನೇ ತಾಯಿ, ಒಳಗೇ ಮನೆ ಮಾಡ್ಕೊಂಡ್ಯಾ?” ಕೆಂಪು ಟೋಪಿ ಮುಳುಗಿತು, ಗುಳ್ಳೆಗಳೆದ್ದವು, ಕೆಮ್ಮುತ್ತ ನಗುತ್ತ ಮೇಲೆ ಬಂತು.

ನೋಡುತ್ತಿದ್ದ ಬೇರೆ ಮಕ್ಕಳು ಬಿಡುತ್ತಾರೆಯೇ? ಆಗಲೇ ಮೀನಿನ ಹಾಗೆ ಈಜುತ್ತಿದ್ದವರೂ “ಅಜ್ಜೀ ನಂಗೆ, ಅಜ್ಜೀ ನಂಗೆ” ಎಂದು ಕಂಬಿಯ ಬಳಿ ಸಾಲುಗಟ್ಟಿದರು. ಅಜ್ಜಿ ಒಬ್ಬೊಬ್ಬರನ್ನೂ ಬೇರೆ ಬೇರೆ ಬೈಗುಳದಿಂದ ಮುಳುಗಿಸಿದಳು. ಕೊನೆಗೆ ಸೀಟಿ ಮಿಸ್ಸು ಕೈಮುಗಿದುಕೊಂಡು ಬಂದು, ಮುಂದಿನ ವರ್ಷದಿಂದ ತರಗತಿಯ ದಿನ ಸ್ವಲ್ಪ ಹೊತ್ತು ಬಂದುಹೋಗಲು ಆಗುತ್ತದೆಯೇ ಎಂದು ಕೇಳಿದರು.

“ನಂಗೆ ಟೈಮ್ ಎಲ್ಲಿದೆಯಮ್ಮ?” ಎಂದಳು ಅಜ್ಜಿ, ಊರುಗೋಲು ಒರೆಸಿಕೊಳ್ಳುತ್ತ. “ಮನೇಲಿ ಒಬ್ಬನನ್ನ ಬಚ್ಚಲಿಂದ ಹೊರಗೆ ತರೋದ್ರಲ್ಲೇ ಸಾಕಾಗಿದೆ.”

ಚಿಟಿಕೆ ಆ ವಾರಾಂತ್ಯದಿಂದಲೇ ತನ್ನ ಉಪದೇಶಕ್ಕೊಂದು ಮರದ ಕೋಲನ್ನು ಸೇರಿಸಿಕೊಂಡ. ಬಡಿದು ತೋರಿಸಲು ಬಾಗಿಲು ಬೇಕಲ್ಲ, ಅದನ್ನು ಮುಂದಿನ ಹಂತಕ್ಕೆ ಬಿಟ್ಟ.

ಕೊನೆಯ ತರಗತಿಯ ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಟವೆಲು ಹೆಗಲಿಗೆ ಹಾಕಿಕೊಂಡು ಬಂದರೆ ಬಚ್ಚಲಿನ ಚಿಲಕ ಒಳಗಿನಿಂದ ಹಾಕಿತ್ತು. ಮಗಳು ಒಳಗಿದ್ದಳು. ಬಕೆಟ್ಟನ್ನು ನೆಲದ ಮೇಲೆ ಎಳೆದುಕೊಂಡ ಸದ್ದು, ಆಮೇಲೆ ಏನೂ ಇಲ್ಲ. ಅವನಿಗೆ ಎಲ್ಲೋ ಒಂದು ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ ಎಂದು ಆಗಲೇ ಫೋನು ಬಂದಿತ್ತು. ಹೊತ್ತಾಗುತ್ತಿತ್ತು.

“ಅಪ್ಪಾ, ಬಡಿ” ಎಂದು ಒಳಗಿನಿಂದ ಸಣ್ಣ ದನಿ ಬಂತು.

ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಬಡಿದುಕೊಳ್ಳಲಿ ಎಂದು ಬಿಟ್ಟು, ಅವನು ಎರಡೂ ಕೈಯಿಂದ ಬಾಗಿಲು ಬಡಿದ.